ಮುಳ್ಳು ಆಡದ ನೀರು

ಕಕ್ಕಬೆ
ಸೋಮವಾರ, ೧೨–೨–೧೯೬೮

ಪ್ರೀತಿಯ ನಿಮಗೆ,

ನಮಸ್ಕಾರ. ನಿಮ್ಮ ಮೂರು ಕಾಗದಗಳಿಗೆ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡಿ. 'ಪಾದಾರವಿಂದಗಳಿಗೆ' ಎಂದು ಶುರುಮಾಡುವ ಹೆಂಡತಿ ನಿಮಗೆ ಸಿಗಲಿಲ್ಲ, ಅದು ನಿಮ್ಮ ಹಣೆಬರಹ. ಹೆಸರು ಹಿಡಿದು ಬರೆಯುವಷ್ಟು ಧೈರ್ಯ ನನಗೂ ಇಲ್ಲ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯುವಾಗಲೇ ಅತ್ತೆಯವರು ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ. ಎಂಎಸ್ಸಿ ಓದಿದ ಸೊಸೆ ಇಷ್ಟು ದಿನವಾದರೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿಲ್ಲ ಎಂದು ನೆಂಟರ ಮುಂದೆ ಹೊಗಳುತ್ತಾರೆ. ಅವರು ಹೊಗಳಲು ನನ್ನಲ್ಲಿ ಬೇರೆ ಗುಣ ಹೆಚ್ಚೇನೂ ಇಲ್ಲವಲ್ಲ, ಅದನ್ನಾದರೂ ಉಳಿಸಿಕೊಂಡಿದ್ದೇನೆ.

ಮನೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಕಾಫಿ ಪಿಕಿಂಗ್ ಮುಗಿಯುತ್ತ ಬಂತು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಾತ್ರ ಇನ್ನೂ ಹಗಲೆಲ್ಲ ಗಡಗಡ ಎನ್ನುತ್ತಿದೆ. ಅತ್ತೆಯವರ ಮಂಡಿನೋವು ಹಾಗೇ ಇದೆ. ನೀವು ಪಠಾಣ್‌ಕೋಟಿನಿಂದ ಕಳಿಸಿದ ಎಣ್ಣೆಯನ್ನು ದೇವರ ಮುಂದೆ ಇಟ್ಟಿದ್ದಾರೆ, ಹಚ್ಚಿಕೊಳ್ಳುವುದಿಲ್ಲ. ಬಾವನವರು ಬೆಳಿಗ್ಗೆ ತೋಟಕ್ಕೆ ಇಳಿದರೆ ಯಾರನ್ನಾದರೂ ಬೈಯದೆ ಹತ್ತಿ ಬರುವುದಿಲ್ಲ. ನಾನು ಚೆನ್ನಾಗಿದ್ದೇನೆ. ಆದರೆ ಒಂದು ಕಡೆ ಕೂರಲು ಆಗುತ್ತಿಲ್ಲ. ಊಟಕ್ಕೆ ಕೂತವಳು ಎದ್ದು ಹೋಗಿ ನನ್ನ ಪ್ರಯೋಗದ ಮೀಟರು ನೋಡಿ ಬರುತ್ತೇನೆ, ಬಂದು ನೋಡಿದರೆ ಸಾರು ಆರಿರುತ್ತದೆ. ಈ ಕಾಗದವನ್ನು ಒಂದೇ ಸಲಕ್ಕೆ ಮುಗಿಸುತ್ತೇನೆಂಬ ನಂಬಿಕೆಯೂ ಇಲ್ಲ.

ಕಾರಣ ಜವರ. ನಮ್ಮ ಆಳುಗಳ ಲೈನಿನ ಮೇಲಿನ ಮನೆಯವನು, ಚಿಕ್ಕಂದಿನಲ್ಲಿ ನಿಮ್ಮ ಜೊತೆ ಏಡಿ ಹಿಡಿಯಲು ತೋಡಿಗೆ ಇಳಿಯುತ್ತಿದ್ದ ಅದೇ ಜವರ. ಸಂಕ್ರಾಂತಿ ಕಳೆದ ಮೇಲೆ ಅವನ ಕಾಲು ತಡವರಿಸತೊಡಗಿತು. ಮೈತುಂಬ ಬೆವರು, ಬಾಯಲ್ಲಿ ಜೊಲ್ಲು, ಕೈ ನಡುಕ. ಹಣ್ಣಿನ ಮೂಟೆ ಹೊತ್ತುಕೊಂಡು ಕಣದ ಮೆಟ್ಟಿಲಲ್ಲಿ ಎಲ್ಲರೆದುರು ಬಿದ್ದ. ಬಾವನವರು ಅಲ್ಲೇ ನಿಂತಿದ್ದರು.

"ಅವಂಗೆ ಕಾಯಿಲೆ ಇಲ್ಲೆ, ಕಳ್ಳ್ ಹೆಚ್ಚಾಗುಟು," ಎಂದರು. "ಬರುವ ಆದಿತ್ಯವಾರ ಲೈನ್ ಖಾಲಿ ಮಾಡ್ಲಿ. ಕುಡ್ಕಂಡ್ ಬೀಳವ್ರ್‌ನ ಇಟ್ಕಂಡ್ ನಾ ಎಸ್ಟೇಟ್ ಮಾಡಿಕೆ ಆದೆಯಾ?"

ಜವರನ ಹೆಂಡತಿ ಮಾರಿ ಹಿತ್ತಲ ಬಾಗಿಲಿಗೆ ಬಂದು ನನ್ನ ಹತ್ತಿರ ಹೇಳಿದಳು, "ಅಮ್ಮಾ, ಇವ್ರು ಕುಡಿದಿದ್ರೆ ದೊಡ್ಡ ಧಣಿಗಿಂತ ಮೊದ್ಲು ನಾನೇ ಬೈತಿರ್ಲಿಲ್ವಾ? ಹುಷಾರಿಲ್ದೆ ಇರೋರ್ನ ಕರ್ಕೊಂಡು ಯಾವ್ ತೋಟಕ್ ಹೋಗ್ಲಿ ನಾನು? ಕುಡುಕ ಅಂತ ಹೆಸ್ರು ಬಂದ್ಮೇಲೆ ಕುಟ್ಟದ ತನ್ಕ ಹೋದ್ರೂ ಯಾರೂ ಕರ್ಕೊಳಲ್ಲ." ಅವಳ ಸೆರಗು ಹಿಡಿದು ಮಗು ಕಾಳಿ ನಿಂತಿತ್ತು. ಮಗುವಿನ ಬಾಯಿಂದಲೂ ಜೊಲ್ಲು ಸುರಿಯುತ್ತಿತ್ತು. ಗಲ್ಲ ಎತ್ತಿ ಕಣ್ಣು ನೋಡಿದೆ. ನಡುಮಧ್ಯಾಹ್ನದ ನೆರಳಿನಲ್ಲೂ ಪಾಪೆ ಸಾಸಿವೆ ಕಾಳಿನಷ್ಟೇ ಇತ್ತು.

ಆ ಕಣ್ಣು ನನಗೆ ಗೊತ್ತು. ಬೆಂಗಳೂರಿನ ಲ್ಯಾಬಿನಲ್ಲಿ ಇಲಿಗಳಿಗೆ ಹುಳದ ಔಷಧಿ ಕೊಟ್ಟು ನೋಡುತ್ತಿದ್ದಾಗ ಅವುಗಳ ಕಣ್ಣೂ ಹೀಗೇ ಆಗುತ್ತಿತ್ತು. ಬಾವನವರಿಗೆ ಹೇಳಿದೆ. ಮಗುವಿಗೂ ಕಳ್ಳು ಕುಡಿಸುತ್ತಾರೆ ಎಂದುಬಿಟ್ಟರು. ಕಾಫಿಗಿಡದ ಹುಳಕ್ಕೆ ಹುತ್ತರಿ ಹಬ್ಬದ ಹೊತ್ತಿಗೆ ಹೊಡೆಸಿದ ಔಷಧಿಯ ಮಾತು ತೆಗೆದೆ. ಅದಕ್ಕೆ ಅವರ ಉತ್ತರ ಸಿದ್ಧವಾಗಿತ್ತು.

"ಹೊಡ್ದ್ ಎರಡ್ ತಿಂಗ ಆತ್. ಉಳ್ದ ಡಬ್ಬಿನ ನಿನ್ನ ಗಂಡನೇ ಅಂಗಡಿಗೆ ವಾಪಸ್ ಕೊಟ್ಟ್ ಬಂದುಟು. ಡಬ್ಬಿನೇ ಇಲ್ಲೆ, ಇನ್ನ್ ವಿಷ ಎಲ್ಲಿಂದ ಬಾದೆ?"

ಅದು ನಿಜವೇ. ನೀವು ರಜೆಗೆ ಬಂದಾಗ ಆ ತಗಡಿನ ಡಬ್ಬಿಗಳ ಮೇಲಿನ ತಲೆಬುರುಡೆ ನೋಡಿ ಅಣ್ಣನ ಜೊತೆ ಜಗಳವಾಡಿ, ಉಳಿದದ್ದನ್ನು ಗೋಣಿಯಲ್ಲಿ ಕಟ್ಟಿಕೊಂಡು ಬೆಳಿಗ್ಗೆಯ ಬಸ್ಸಿಗೆ ಹೋದಿರಿ. ಸಂಜೆ ಬರಿಗೈಯಲ್ಲಿ ಬಂದು, "ಅಂಗಡಿಯವನು ತಕರಾರು ಮಾಡದೆ ತೆಗೆದುಕೊಂಡ" ಎಂದಿರಿ. ಆವತ್ತು ನಿಮ್ಮ ಮೇಲೆ ನನಗೆ ಎಷ್ಟು ಅಭಿಮಾನ ಬಂತೆಂದು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಜವರನೂ ನಿಮ್ಮನ್ನೇ ನೆನೆಯುತ್ತಾನೆ. "ಸಣ್ಣ ಧಣಿಗೆ ಬರೀರಿ ಅಮ್ಮಾ. ಅವ್ರು ಹೇಳ್ಕೊಟ್ಟಂಗೇ ಔಷಧಿ ಹೊಡೆಯೋವಾಗ ಮೂಗಿಗೆ ಬಟ್ಟೆ ಕಟ್ಕೊಂಡಿದ್ದೆ" ಎಂದ. ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಉಸಿರು ಸಾಲಲಿಲ್ಲ.

ಪಲ್ಪರ್ ನಿಂತಿತು. ಆಳುಗಳು ಊಟಕ್ಕೆ ಹೋದರೆಂದು ಕಾಣುತ್ತದೆ. ನನಗೆ ಕೆಲಸ ಮಾಡಲು ಸಿಗುವುದು ಇಷ್ಟೇ ಹೊತ್ತು. ಆಮೇಲೆ ಬರೆಯುತ್ತೇನೆ.

ಗುರುವಾರ

ಆಮೇಲೆ ಎಂದದ್ದು ಇಲ್ಲಿಗೆ ಬಂದು ಮುಟ್ಟಿತು. ಹೋದ ಕಾಗದದಲ್ಲಿ ನೀವು ಕೇಳಿದ್ದಿರಿ, ನೀರಿನೊಳಗೆ ಅದೇನು ಕಟ್ಟುತ್ತೀಯ ಎಂದು. ಸಿಪಾಯಿಗಳಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ.

ಒಂದು ಪ್ಲಾಸ್ಟಿಕ್ ಬಟ್ಟಲು. ಅದರ ಗೋಡೆಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ಬಟ್ಟಲನ್ನು ಗಾಜಿನ ಪಾತ್ರೆಯ ಉಪ್ಪುನೀರಿನಲ್ಲಿ ಇಳಿಸಿ, ಕೊಬ್ಬಿನ ದ್ರಾವಣವನ್ನು ಸಣ್ಣ ಬ್ರಷ್ಷಿನ ತುದಿಯಿಂದ ಆ ತೂತಿಗೆ ಸವರುತ್ತೇನೆ. ಮೊದಲು ಬೂದುಬಣ್ಣ. ಆಮೇಲೆ ಸೀಮೆಎಣ್ಣೆ ಬಿದ್ದ ನೀರಿನ ಹಾಗೆ ಹಸಿರು, ನೇರಳೆ ಎಲ್ಲ ಮೂಡುತ್ತದೆ. ತೆಳ್ಳಗಾಗುತ್ತ ಹೋಗಿ ಕೊನೆಗೆ ಕಪ್ಪಾಗುತ್ತದೆ. ಕಪ್ಪಾಯಿತೆಂದರೆ ಎರಡು ಅಣುಗಳಷ್ಟು ಮಾತ್ರ ದಪ್ಪದ ಪೊರೆ ಕಟ್ಟಿತೆಂದು ಅರ್ಥ. ನಮ್ಮ ಮೈಯ ಒಂದೊಂದು ಜೀವಕೋಶದ ಸುತ್ತಲೂ ಇರುವುದು ಇಂಥದೇ ಪೊರೆ. ಅದನ್ನು ದಾಟಿ ಕರೆಂಟು ಹೋಗಲಾರದು, ಮೀಟರಿನ ಮುಳ್ಳು ಸೊನ್ನೆಯ ಹತ್ತಿರವೇ ಇರುತ್ತದೆ.

ಈ ಪೊರೆಯಲ್ಲಿ ಬೆಂಗಳೂರಿನ ನನ್ನ ಪ್ರೊಫೆಸರು ಕಳಿಸಿದ ಪ್ರೋಟೀನನ್ನು ಕೂರಿಸಬೇಕು. ನರ ಮತ್ತು ಸ್ನಾಯು ಸೇರುವಲ್ಲಿ ಪೊರೆಗೆ ಅಂಟಿಕೊಂಡು ಕೂತಿರುವ ಪ್ರೋಟೀನು ಅದು. ನರದಿಂದ ಬಂದ ರಸ ತನ್ನ ಕೆಲಸ ಮುಗಿಸಿದ ಕೂಡಲೇ ಈ ಪ್ರೋಟೀನು ಅದನ್ನು ಒಡೆದು ಹಾಕುತ್ತದೆ, ಇಲ್ಲವಾದರೆ ಸ್ನಾಯು ಸುಮ್ಮನೆ ಅದುರುತ್ತಲೇ ಇರುತ್ತದೆ. ಪೊರೆಯಲ್ಲಿ ಪ್ರೋಟೀನು ಸರಿಯಾಗಿ ಕೂತಿದ್ದರೆ, ಆ ರಸದ ಒಂದು ಹನಿ ಹಾಕಿದಾಗ ಪೊರೆ ಕ್ಷಣಹೊತ್ತು ಸಡಿಲಾಗಿ ಮುಳ್ಳು ಮೇಲೇಳುತ್ತದೆ. ಹುಳದ ಔಷಧಿ ಕೊಲ್ಲುವುದು ಇದೇ ಪ್ರೋಟೀನನ್ನು. ಹಾಗಾಗಿ ವಿಷದ ನೀರು ಬೆರೆತರೆ, ಎಷ್ಟು ರಸ ಹಾಕಿದರೂ ಮುಳ್ಳು ಆಡುವುದಿಲ್ಲ. ಇಷ್ಟೇ ವಿದ್ಯೆ.

ಇಷ್ಟೇ ಎಂದೆ, ಆದರೆ ನನ್ನ ಪ್ರಾಣ ತಿಂದಿತು. ಕೋಳಿಮೊಟ್ಟೆಯ ಕೊಬ್ಬಿನಲ್ಲಿ ಕಟ್ಟಿದ ಪೊರೆ ನಿಲ್ಲಲಿಲ್ಲ. ಪಕ್ಕದ ಮನೆಯಲ್ಲಿ ಹಂದಿ ಕಡಿದಾಗ ಮಿದುಳು ಕೇಳಿ ತಂದೆ. ಹುರಿದು ತಿನ್ನಲು ಎಂದುಕೊಂಡು ಅತ್ತೆಯವರು ಖಾರ ಅರೆದಿಟ್ಟಿದ್ದರು. ನಾನು ಅದನ್ನು ಕ್ಲೋರೋಫಾರ್ಮಿನಲ್ಲಿ ಕಲಸುವುದನ್ನು ನೋಡಿ, "ಹಂದಿ ತಲೆಲಿ ಇದ್ದದ್‌ನ ನೀರ್‌ಲಿ ಕಟ್ಟಿರೆ ಎಂಥ ಗೊತ್ತಾದೆ ನಿಂಗೆ? ತಿಂದಿದ್ರೆ ಹೊಟ್ಟೆಗಾರೂ ಆಗ್ತಿತ್ತ್," ಎಂದರು. ಅದರಲ್ಲಿ ಪೊರೆ ಕಟ್ಟಿತು. ಕಟ್ಟಿದ್ದು ಪಲ್ಪರ್ ಶುರುವಾದ ಕೂಡಲೇ ನೆಲದ ಅದುರಿಗೆ ಒಡೆಯಿತು. ಊಟದ ಬಿಡುವಿಗೆ ಕಾದು ಕಟ್ಟಿದರೆ ಅದೂ ಒಡೆಯಿತು. ತಲೆ ಕೆಟ್ಟುಹೋಯಿತು. ಕೊನೆಗೆ ನೋಡಿದರೆ, ಅತ್ತೆಯವರು ಪ್ರೀತಿಯಿಂದ ನನ್ನ ಬಟ್ಟಲನ್ನು ದಿನಾ ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಇಡುತ್ತಿದ್ದರು. ಅಂಟುವಾಳ ಪಾತ್ರೆಯ ಜಿಡ್ಡು ಬಿಡಿಸುತ್ತದಲ್ಲ, ನನ್ನ ಪೊರೆಯೂ ಜಿಡ್ಡೇ. ಪಾಪ, ಅವರ ಮೇಲೆ ರೇಗಿದೆ. ಆಮೇಲೆ ಹೋಗಿ ಮಂಡಿ ಒತ್ತಿಕೊಟ್ಟೆ.

ಮಂಗಳವಾರ ಪೊರೆ ನಿಂತಿತು. ಪ್ರೋಟೀನೂ ಕೂತಿತು. ಅದನ್ನು ಅಲ್ಲಾಡದ ಹಾಗೆ ಕೂರಿಸುವವಳು ಮಾತ್ರ ಕೂರಲಾರದೆ ಕೋಣೆಯ ತುಂಬ ಓಡಾಡುತ್ತಿದ್ದಳು. ನಮ್ಮ ಮನೆಯ ಒರತೆಯ ನೀರು ಹಾಕಿ ರಸದ ಹನಿ ಬಿಟ್ಟೆ, ಮುಳ್ಳು ಎದ್ದು ಇಳಿಯಿತು. ಇನ್ನೊಂದು ಪೊರೆ ಕಟ್ಟಿ, ಜವರನ ಮನೆ ಮುಂದೆ ಬಿದಿರಿನ ದಂಬೆಯಲ್ಲಿ ಮೇಲಿಂದ ಹರಿದು ಬರುವ ನೀರು ಹಾಕಿದೆ. ಕಾದೆ. ಹನಿ ಬಿಟ್ಟೆ. ಮುಳ್ಳು ಇದ್ದಲ್ಲೇ ಇತ್ತು. ಮತ್ತೆ ನಮ್ಮ ನೀರು, ಎದ್ದಿತು. ಮತ್ತೆ ಅವನ ನೀರು, ಇಲ್ಲ. ಆ ದಂಬೆಯ ನೀರು ಕುಡಿಯುವುದು ಜವರನ ಮನೆಯೊಂದೇ. ಉಳಿದವರಿಗೆ ಕೆಳಗಿನ ಬಾವಿ ಹತ್ತಿರ. ಆವತ್ತೇ ಮಾರಿಗೆ ಆ ನೀರು ಮುಟ್ಟಬೇಡವೆಂದು ಹೇಳಿ ನಮ್ಮ ಒರತೆಯಿಂದ ಕೊಡ ಹೊರಿಸಿದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಲೂ ಹೇಳಿದೆ.

ಬಾವನವರನ್ನು ಕೈಹಿಡಿದು ಎಳೆದುಕೊಂಡು ಬರುವುದೊಂದು ಬಾಕಿ, ಅಷ್ಟು ಕಾಡಿ ಕರೆತಂದು ತೋರಿಸಿದೆ. ಅವರು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು.

"ಮುಳ್ಳ್ ಆಡದ್ರೆ ನಿನ್ನ ಮೀಟರ್ ಕೆಟ್ಟುಟು ಅಂತ ಅರ್ಥ," ಎಂದರು. "ಆಡಿದ್ರೆ ಎಂಥದೋ ಉಟ್ಟು ಅಂತ ಹೇಳಕ್. ಆಡದಿದ್ದದ್‌ನ ತೋರ್ಸಿ ನನ್ನ ನಂಬು ಅಂದ್ರೆ ಹೆಂಗೆ?"

ನನಗೆ ಅಳು ಬಂತು, ನಗುವೂ ಬಂತು. ಏನೂ ಆಗದೆ ಇರುವುದೇ ಇಲ್ಲಿ ಸಾಕ್ಷಿ. ಅಂಥ ಸಾಕ್ಷಿಯನ್ನು ಹಿಡಿದುಕೊಂಡು ಯಾರ ಮುಂದೆ ನಿಲ್ಲಲಿ? ನೀರನ್ನು ಬೆಂಗಳೂರಿಗೆ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ಕಾಫಿ ಹೂ ಬಿಟ್ಟಿರುತ್ತದೆ. ಜವರನಿಗೆ ಇರುವುದು ಭಾನುವಾರದ ತನಕ. ನೀವು ಇಲ್ಲಿದ್ದಿದ್ದರೆ ಅಣ್ಣನ ಬಾಯಿ ಮುಚ್ಚಿಸುತ್ತಿದ್ದಿರಿ ಎಂದು ನೂರು ಸಲ ಅಂದುಕೊಂಡೆ. ನೀವಿಲ್ಲದ್ದಕ್ಕೆ ನಿಮ್ಮ ಮೇಲೂ ಸಿಟ್ಟು ಬಂತು, ಬರೆದುಬಿಡುತ್ತೇನೆ, ಮುಚ್ಚಿಡುವುದೇಕೆ.

ಶುಕ್ರವಾರ

ಕಾಳಿಯ ಜೊಲ್ಲು ನಿಂತಿದೆ. ಇವತ್ತು ಅಂಗಳದಲ್ಲಿ ಕೋಳಿಮರಿಗಳ ಹಿಂದೆ ಓಡಿತು. ಜವರ ಗೋಡೆ ಹಿಡಿದು ನಿಲ್ಲುತ್ತಾನೆ. ನೀರು ಬದಲಾದದ್ದರಿಂದ ಎಂದು ನಾನು, ಡಾಕ್ಟರರ ಮಿಕ್ಸ್ಚರಿನಿಂದ ಎಂದು ಅತ್ತೆ, ಕಳ್ಳು ಬಿಟ್ಟದ್ದರಿಂದ ಎಂದು ಬಾವ. ಭಾನುವಾರದ ಮಾತನ್ನು ಅವರು ಹಿಂತೆಗೆದುಕೊಂಡಿಲ್ಲ. "ವಿಷ ಇದ್ರೆ ತಂದ್ ತೋರ್ಸ್‌, ಕಣ್ಣ್‌ಲಿ ಕಾಂಬ ಹಂಗೆ," ಎಂದರು. ಸರಿ ಎಂದೆ.

ಪ್ರೊಫೆಸರು ಕಳಿಸಿದ ಪ್ರೋಟೀನಿನ ಪುಡಿ ಶೀಸೆಯ ತಳಕ್ಕೆ ಬಂದಿದೆ. ಇದ್ದುದರಲ್ಲೇ ನೀರಿನ ದಾರಿ ಹಿಡಿದು ಮೇಲೆ ಹೋದೆ. ದಂಬೆ ಶುರುವಾಗುವಲ್ಲಿ ಒಂದು ಶೀಸೆ ತುಂಬಿಕೊಂಡೆ, ತೋಟದ ಮೇಲಿನ ಬೇಲಿಯ ಹತ್ತಿರ ಒಂದು, ದೇವರಕಾಡಿನ ಅಂಚಿನಲ್ಲಿ ನೀರು ಹೊರಗೆ ಬರುವಲ್ಲಿ ಇನ್ನೊಂದು. ಯಾವುದಕ್ಕೂ ಮುಳ್ಳು ಆಡಲಿಲ್ಲ. ಅಂದರೆ ವಿಷ ನಮ್ಮ ತೋಟದ್ದಲ್ಲ, ನೀರು ಅದನ್ನು ದೇವರಕಾಡಿನ ಒಳಗಿನಿಂದಲೇ ಹೊತ್ತು ತರುತ್ತಿದೆ.

ನನಗೆ ಇದು ತಲೆಗೆ ಹತ್ತಲಿಲ್ಲ. ಅಲ್ಲಿ ಕಾಫಿ ಇಲ್ಲ, ಏಲಕ್ಕಿ ಇಲ್ಲ, ಔಷಧಿ ಹೊಡೆಯುವವರಿಲ್ಲ. ಬಿದ್ದ ಕಡ್ಡಿಯನ್ನೂ ಯಾರೂ ಎತ್ತುವುದಿಲ್ಲ. ಅತ್ತೆಯವರಿಗೆ ಹೇಳಿದಾಗ ಅವರ ಮುಖ ಬಿಳುಚಿತು.

"ಅಲ್ಲಿಗೆ ಹೋಕೆ ಬೊತ್ತು, ದಮಯಂತಿ," ಎಂದರು. "ಚೆನ್ನಯ್ಯ ತಕ್ಕರ್‌ನ ಕೇಳದೆ ನಮ್ಮ ಮನೆ ಗಂಡಸರೇ ಒಳಗೆ ಕಾಲಿಟ್ಟವ್ರಲ್ಲ. ನಂಗೆ ಹೆದ್ರಿಕೆ ಆದೆ." ಕಾಡಿನ ಯಜಮಾನಿಕೆ ತಲೆತಲಾಂತರದಿಂದ ತಕ್ಕರ ಮನೆಯದು, ಅದು ನನಗೂ ಗೊತ್ತು. ಆದರೆ ತಕ್ಕರನ್ನು ಕೇಳಿದರೆ ಅವರು ಊರಿನವರನ್ನು ಕೇಳಬೇಕು, ಊರಿನವರು ಒಳ್ಳೆಯ ದಿನ ನೋಡಬೇಕು. ಅಷ್ಟರಲ್ಲಿ ಮಾರಿ ಗಂಟುಮೂಟೆ ಕಟ್ಟಿ ರಸ್ತೆಯಲ್ಲಿ ನಿಂತಿರುತ್ತಾಳೆ.

ಅತ್ತೆಯವರು ಮಲಗಿ ಏಳುವುದರೊಳಗೆ ಹೋಗಿ ಬರುತ್ತೇನೆ. ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತೇನೆ, ಒಂದು ಎಲೆಯನ್ನೂ ಕೀಳುವುದಿಲ್ಲ. ನೀವು ಇದ್ದಿದ್ದರೆ ಬೇಡ ಎನ್ನುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಬೇಡವೆಂದಿದ್ದರೂ ಹೋಗುತ್ತಿದ್ದೆ, ಅದು ಬೇರೆ ಮಾತು.

ಕಾಗದ ಇಲ್ಲಿಗೆ ಮುಗಿಸುತ್ತೇನೆ. ಅಲ್ಲಿ ಚಳಿ ಇಳಿದಿದೆಯೇ? ಅತ್ತೆಯವರು ಹೆಣೆದ ಟೋಪಿಯನ್ನು ಪೆಟ್ಟಿಗೆಯಲ್ಲಿಡದೆ ಹಾಕಿಕೊಳ್ಳಿ. ಅವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಕುಶಾಲಪ್ಪ ಬಾವನವರೂ ಕೇಳಿದ್ದಾರೆ. ಇಗ್ಗುತ್ತಪ್ಪ ನಿಮ್ಮನ್ನು ಗಡಿಯಲ್ಲಿ ಚೆನ್ನಾಗಿಟ್ಟಿರಲಿ, ಮುಂದಿನ ರಜೆಗೆ ನಗುನಗುತ್ತ ಕರೆತರಲಿ.

ಇತಿ ನಿಮ್ಮ,
ದಮಯಂತಿ

ವಿಶೇಷ: ಶನಿವಾರ ಬೆಳಿಗ್ಗೆ. ನಿನ್ನೆ ಹೋಗಿ ಬಂದೆ. ಕಾಗದವನ್ನು ಹರಿದು ಬೇರೆ ಬರೆಯೋಣವೆಂದುಕೊಂಡೆ. ಬೇಡ, ಮೇಲಿನದೆಲ್ಲ ನಾನು ಏನೂ ಅರಿಯದೆ ಬರೆದದ್ದು, ಅದನ್ನು ಹಾಗೆಯೇ ಓದಿ.

ದೇವರಕಾಡಿನಲ್ಲಿ ಆ ನೀರು ಹುಟ್ಟುವ ಒರತೆಯ ಹಿಂದೆ ಒಂದು ದೊಡ್ಡ ಬಲ್ಗಿ ಮರವಿದೆ. ಅದರ ಬೇರಿನ ಸಂದಿಯಲ್ಲಿ ಮಣ್ಣು ಕುಸಿದು ಗೋಣಿಯ ಅಂಚು ಕಾಣುತ್ತಿತ್ತು. ಕಡ್ಡಿಯಿಂದ ಸರಿಸಿದೆ. ಗೋಣಿಯ ಒಳಗೆ ಮಿಲಿಟರಿಯ ಹಸಿರು ರೈನ್‌ಕೋಟು, ಅದರ ಕಾಲರಿನಲ್ಲಿ ನಾನೇ ಕೆಂಪು ದಾರದಿಂದ ಹೊಲಿದ ನಿಮ್ಮ ನಂಬರು. ಕಳೆದುಹೋಯಿತು ಎಂದು ನೀವು ಹೇಳಿದ ಕೋಟು. ಅದರೊಳಗೆ ಡಬ್ಬಿಗಳು. ಒಂದಕ್ಕೆ ಮೊದಲೇ ತುಕ್ಕು ಹಿಡಿದಿತ್ತೇನೋ, ತಳ ತೂತಾಗಿದೆ. ಆ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ಅಂಗಡಿಯವನು ತೆಗೆದುಕೊಂಡಿರಲಿಕ್ಕಿಲ್ಲ. ಎಲ್ಲಿ ಎಸೆದರೂ ಯಾರಾದರೂ ಹೆಕ್ಕುತ್ತಾರೆ, ಡಬ್ಬಿ ತೊಳೆದು ಅಕ್ಕಿ ತುಂಬಿಸುತ್ತಾರೆ, ಯಾರೂ ಅಗೆಯದ ಜಾಗ ಊರಲ್ಲಿ ಒಂದೇ ಎಂದು ಯೋಚಿಸಿದ್ದೀರಿ. ನಿಮ್ಮ ಬುದ್ಧಿ ಹೇಗೆ ಓಡಿತೆಂದು ನನಗೆ ಪೂರ್ತಿ ಅರ್ಥವಾಗುತ್ತದೆ. ಮಕ್ಕಳ ಕೈಗೆ ಸಿಗದಿರಲೆಂದು ಮಾಡಿದಿರಿ. ನೀರು ಅಲ್ಲಿಂದಲೇ ಹೊರಡುತ್ತದೆ ಎಂಬುದೊಂದನ್ನು ನೆನೆಯಲಿಲ್ಲ.

ಬೇರಿನ ಮೇಲೆ ಒಡೆದ ತೆಂಗಿನಕಾಯಿಯ ಎರಡು ಚಿಪ್ಪುಗಳಿದ್ದವು, ಮಗುಚದೆ ಜೋಡಿಸಿಟ್ಟ ಹಾಗೇ. ಅಲ್ಲಿ ಅಗೆದದ್ದಕ್ಕೆ ದೇವರ ಹತ್ತಿರ ತಪ್ಪಾಯಿತು ಎಂದು ಬೇಡಿಕೊಂಡಿದ್ದೀರಿ. ಮನೆಗೆ ಬಂದು ನನಗೆ ಅಂಗಡಿಯ ಕಥೆ ಹೇಳಿದಿರಿ. ಡಬ್ಬಿಗಿಂತ ಆ ಚಿಪ್ಪು ನನ್ನನ್ನು ಹೆಚ್ಚು ಸುಡುತ್ತಿದೆ. ನನಗೊಂದು ಮಾತು ಹೇಳಿದ್ದರೆ ನೀರಿನ ಹತ್ತಿರ ಬೇಡ ಎಂದು ಅಲ್ಲೇ ಹೇಳುತ್ತಿದ್ದೆನಲ್ಲ, ನಾನು ಓದಿದ್ದು ಅದನ್ನೇ ಅಲ್ಲವೇ.

ಮಣ್ಣು ಮುಚ್ಚಿ ಬಂದುಬಿಡಲೇ ಎಂದೂ ಯೋಚಿಸಿದೆ. ಮುಚ್ಚಿದರೆ ಜವರ ಕುಡುಕನಾಗಿಯೇ ಈ ಊರು ಬಿಡಬೇಕು. ತೆಗೆಸಬೇಕೆಂದರೆ ತಕ್ಕರಿಗೆ ಹೇಳಬೇಕು, ನಮ್ಮ ಮನೆ ಊರಿನೆದುರು ತಲೆತಗ್ಗಿಸಿ ತಪ್ಪುಕಾಣಿಕೆ ಇಡಬೇಕು. ಬಾವನವರಿಗೆ ನಿನ್ನೆಯೇ ಹೇಳಿದೆ. ಅವರು ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿ ಬಂದರು. ಆಮೇಲೆ, "ತಮ್ಮನ ಹೆಸ್ರ್ ಮಾತ್ರ ತೆಗಿಬೇಡ. ಯಾರೋ ಹೂಳಿದ್ದ್ ಅಂತ ಹೇಳ್‌," ಎಂದರು. ಯಾರೋ ಎಂದರೆ ಊರಿನವರ ಕಣ್ಣು ಮೊದಲು ಔಷಧಿ ಹೊಡೆದವನ ಮೇಲೇ ಹೋಗುತ್ತದೆ. ಔಷಧಿ ಹೊಡೆದವನು ಜವರ.

ನಿಮ್ಮನ್ನು ಕೇಳಿ ಮಾಡೋಣವೆಂದರೆ ನಿಮ್ಮ ಉತ್ತರ ಬರುವ ಹೊತ್ತಿಗೆ ಭಾನುವಾರ ಕಳೆದಿರುತ್ತದೆ. ಈ ಕಾಗದವನ್ನು ಟಪಾಲಿಗೆ ಹಾಕಿ ಅಲ್ಲಿಂದಲೇ ತಕ್ಕರ ಮನೆಗೆ ಹೋಗುತ್ತೇನೆ. ಹೂಳಿದ್ದು ಯಾರು ಎಂದು ಅವರು ಕೇಳುತ್ತಾರೆ. ನನಗೆ ಅಭ್ಯಾಸವಿಲ್ಲವಲ್ಲ, ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಿಂತು ನಿಮ್ಮ ಹೆಸರು ಹೇಳಿ ನೋಡಿದೆ. ಒಂದು ಸಲ ಮೊದಲಕ್ಷರಕ್ಕೇ ನಿಂತಿತು, ಆಮೇಲೆ ಬಂತು.

ಮೊಣ್ಣಪ್ಪ ಎಂದು ಹೇಳುತ್ತೇನೆ.